ಭಟ್ರ ಮಗನ ರಿವರ್ಸ್ ಗೇರು

ಲಾರಿ ಕಲಿಯುವವನ ಬದುಕಿನಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಕಲಿಯುವವನು ಅರ್ಚಕರ ಮಗನಾಗಿದ್ದರೆ ಅದನ್ನು ನೋಡಲು ಊರೆಲ್ಲ ಬಂದು ನಿಂತಿರುತ್ತದೆ. ವ್ಯತ್ಯಾಸ ಅಷ್ಟೇ. "ನಿನಗ್ಯಾಕೆ ಬೇಕಿತ್ತು ಮಾರಾಯ ಇದೆಲ್ಲ?" ಎಂದು ಆಗ ಕೇಳಿದವರು ಈಗ ಸಿಕ್ಕರೂ ಅದನ್ನೇ ಕೇಳುತ್ತಾರೆ. ಬೇಕಿತ್ತು, ಅದಕ್ಕೇ ಕಲಿತೆ. ಇದಕ್ಕಿಂತ ಉದ್ದದ ಉತ್ತರ ಅವತ್ತೂ ನನ್ನ ಹತ್ತಿರ ಇರಲಿಲ್ಲ, ಇವತ್ತೂ ಇಲ್ಲ.

ಹೊಸ ಪೆನ್ನು

ಕಳಸದಿಂದ ಸಂಸೆ ಕಡೆಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಗುಡಿಗೆ ನಮ್ಮ ಅಪ್ಪಯ್ಯ ಅರ್ಚಕರು. ಸುತ್ತಮುತ್ತ ಯಾರು ಹೊಸ ಗಾಡಿ ತೆಗೆದರೂ ಮೊದಲು ತಂದು ನಿಲ್ಲಿಸುತ್ತಿದ್ದುದು ಆ ಗುಡಿಯ ಮುಂದೆ. ಅಪ್ಪಯ್ಯ ಗಾಡಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಆರತಿ ಎತ್ತಿ, ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಡುತ್ತಿದ್ದರು. ಡ್ರೈವರ್ ಗಾಡಿಯನ್ನು ಮುಂದಕ್ಕೆ ಬಿಟ್ಟು ಆ ಹಣ್ಣುಗಳನ್ನು ಅಪ್ಪಚ್ಚಿ ಮಾಡಿದರೆ ಪೂಜೆ ಮುಗಿಯಿತು. ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುವ ಕೆಲಸ ನನ್ನದು. ಜೀಪು, ಬಸ್ಸು, ಲಾರಿ ಅಂತ ನಮ್ಮ ಕಡೆ ನಾನು ತಟ್ಟೆ ಹಿಡಿಯದ ಗಾಡಿ ಇರಲಿಲ್ಲ. ಆದರೆ ಒಂದರದ್ದಾದರೂ ಸ್ಟೇರಿಂಗ್ ಮುಟ್ಟಿದ್ದರೆ ಕೇಳಿ. ಪೂಜೆ ನಮ್ಮದು, ಸವಾರಿ ಅವರದ್ದು. ಇದು ಯಾವ ನ್ಯಾಯ ಎಂದು ನನಗೆ ಸಣ್ಣವನಿದ್ದಾಗಿನಿಂದ ಸಿಟ್ಟು.

ತೊಂಬತ್ತರ ದಶಕದ ಮಾತು. ಪಿಯುಸಿ ಮುಗಿದ ಮೇಲೆ ನನ್ನನ್ನು ಗುಡಿಯಲ್ಲಿ ನಿಲ್ಲಿಸುವುದು ಅಪ್ಪಯ್ಯನ ಲೆಕ್ಕಾಚಾರ. ನಾನು ಬಸ್ಸು ಹತ್ತಿ ಆಲ್ದೂರಿಗೆ ಹೋದೆ. ಅಲ್ಲಿ ಕಾಫಿ ವ್ಯಾಪಾರದ ಸಾಹುಕಾರರೊಬ್ಬರಿದ್ದರು. ತೋಟಗಳಿಂದ ಕಾಫಿ ಕೊಂಡು ತಮ್ಮದೇ ಲಾರಿಗಳಲ್ಲಿ ತರಿಸುತ್ತಿದ್ದರು. ಅವರ ಮನೆಯ ಪೂಜೆ ಪುನಸ್ಕಾರಕ್ಕೆಲ್ಲ ಅಪ್ಪಯ್ಯನೇ ಹೋಗುತ್ತಿದ್ದುದರಿಂದ ನನ್ನ ಗುರುತು ಅವರಿಗಿತ್ತು.

"ಏನು ಕೆಲ್ಸ ಬೇಕು ಸಣ್ಣ ಭಟ್ರೇ?" ಎಂದರು.

"ಲಾರಿ ಓಡಿಸೋದು ಕಲೀಬೇಕು."

ಸಾಹುಕಾರರು ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟರು. "ಅದೆಲ್ಲ ನಿಮಗ್ಯಾಕೆ? ರೈಟರ್ ಕೆಲ್ಸ ಕೊಡ್ತೀನಿ. ಫ್ಯಾನಿನ ಕೆಳಗೆ ಕೂತು ಲೆಕ್ಕ ಬರ್ಕೊಂಡಿರಿ."

"ನನಗೆ ಒಂದೇ ಕಡೆ ಕೂತು ಅಭ್ಯಾಸ ಇಲ್ಲ."

"ಲಾರೀಲೂ ಕೂರೋದೇ ಅಲ್ವಾ ಮಾರಾಯ್ರೇ?"

ನಾನು ಎದ್ದು ಹೋಗಲಿಲ್ಲ. ಮಧ್ಯಾಹ್ನದವರೆಗೂ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಊಟಕ್ಕೆ ಹೊರಟ ಸಾಹುಕಾರರು ಸೋತು, "ಆಯ್ತು, ಮೊದಲು ಕ್ಲೀನರ್ ಆಗಿ ಸೇರ್ಕೊಳ್ಳಿ" ಎಂದರು. ಮನೆಗೆ ಬಂದು ಸಾಹುಕಾರರ ಹತ್ತಿರ ಕೆಲಸ ಸಿಕ್ಕಿತು ಎಂದೆ. ಅಪ್ಪಯ್ಯ ತಾವೇ ಅದನ್ನು ರೈಟರ್ ಕೆಲಸ ಎಂದು ಮಾಡಿಕೊಂಡರು. ನಾನು ತಿದ್ದಲಿಲ್ಲ.

ಮುಂದಿನ ಸಲ ಮನೆಗೆ ಬಂದಾಗ ನನ್ನ ಉಗುರಿನ ಸಂದಿಯಲ್ಲಿ ಗ್ರೀಸು ಕೂತಿತ್ತು. "ಎಂಥದು ಇದು, ಕೈಯೆಲ್ಲ ಕಪ್ಪು?" ಎಂದು ಅಪ್ಪಯ್ಯ ಕೇಳಿದರು. "ಶಾಯಿ. ಸಾಹುಕಾರ್ರ ಪೆನ್ನು ಲೀಕು" ಎಂದೆ. ಅಪ್ಪಯ್ಯ ಕಳಸ ಪೇಟೆಗೆ ಹೋಗಿ ಬಂದು, ನಾನು ಹೊರಡುವಾಗ ಜೇಬಿಗೆ ಒಂದು ಹೊಸ ಪೆನ್ನು ಸಿಕ್ಕಿಸಿದರು.

ಮೊದಲು ಹಿಂದಕ್ಕೆ

ನನಗೆ ಕಲಿಸಲು ಸಿಕ್ಕವರು ಮೂಡಿಗೆರೆ ಕಡೆಯ ಒಬ್ಬ ಹಳೇ ಡ್ರೈವರ್. ಎಲ್ಲರೂ ಅವರನ್ನು ಉಸ್ತಾದ್ರು ಎಂದೇ ಕರೆಯುತ್ತಿದ್ದರು. ಅವರ ಕಲಿಸುವ ಕ್ರಮ ಬೇರೆ ಯಾರದ್ದೂ ಅಲ್ಲ. ಜಗತ್ತಿನ ಡ್ರೈವರುಗಳೆಲ್ಲ ಮುಂದಕ್ಕೆ ಹೋಗುವುದನ್ನು ಮೊದಲು ಕಲಿಸಿದರೆ ಇವರು ಶುರು ಮಾಡುತ್ತಿದ್ದುದೇ ರಿವರ್ಸಿನಿಂದ.

"ನೋಡಿ ಸಣ್ಣ ಭಟ್ರೇ, ಎಸ್ಟೇಟಿನ ದಾರಿ ಅಂದ್ರೆ ಒಂದೇ ಗಾಡಿ ಹಿಡಿಯೋದು. ಒಳಗೆ ಹೋದ್ಮೇಲೆ ತಿರುಗಿಸೋಕೆ ಜಾಗ ಇರಲ್ಲ. ಕಣಕ್ಕೆ ಹಿಂದೆ ಹಾಕ್ಬೇಕು, ಗೋಡೌನಿಗೆ ಹಿಂದೆ ಹಾಕ್ಬೇಕು. ಹಿಂದೆ ಹೋಗೋದು ಬಂತು ಅಂದ್ರೆ ಮುಂದೆ ಹೋಗೋದು ತಾನಾಗೇ ಬರುತ್ತೆ."

ಹಾಗಾಗಿ ಎಷ್ಟೋ ದಿನ ನನ್ನ ಕೈ ಹೋಗುತ್ತಿದ್ದುದು ಒಂದೇ ಗೇರಿಗೆ. ಆ ಹಳೇ ಲಾರಿಯಲ್ಲಿ ಒಂದನೇ ಗೇರು, ರಿವರ್ಸು ಅಕ್ಕಪಕ್ಕ. ನಾನು ನಿದ್ದೆಗಣ್ಣಿನಲ್ಲೂ ರಿವರ್ಸ್ ಹಾಕುವಷ್ಟು ಪಳಗಿದೆ. ಪಕ್ಕದ ಮನೆಯ ಒಂದನೇ ಗೇರಿನ ಪರಿಚಯ ಮಾತ್ರ ಸರಿಯಾಗಿ ಆಗಲಿಲ್ಲ.

ಒಂದು ತೋಟದಲ್ಲಿ ಮೂಟೆ ತುಂಬಿಸಲು ಕಣದ ಹತ್ತಿರಕ್ಕೆ ಲಾರಿ ಹಿಂದೆ ಹಾಕುತ್ತಿದ್ದೆ. ಕಣದ ತುಂಬ ಕಾಫಿ ಹಣ್ಣು ಒಣಗಲು ಹರವಿದ್ದರು. ತೋಟದ ರೈಟರು ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ದಾರಿ ತೋರಿಸುತ್ತಿದ್ದರು. ಅಷ್ಟರಲ್ಲಿ ತೋಟದ ಮಾಲೀಕರ ಜೀಪು ಬಂದ ಸದ್ದಾಯಿತು. ರೈಟರು ಅತ್ತ ತಿರುಗಿ ಕೈಮುಗಿದರು. ಬಾಯಿ ಮಾತ್ರ "ಬರ್ಲಿ, ಬರ್ಲಿ" ಎನ್ನುತ್ತಲೇ ಇತ್ತು. ಬರಲಿ ಎಂದರೆ ಬರುವವನು ನಾನು. ಲಾರಿಯ ಹಿಂದಿನ ಚಕ್ರ ಕಣ ಹತ್ತಿ, ಒಣಗಿದ ಕಾಫಿಯ ಮೇಲೆ ಚಟಪಟ ಎನ್ನುತ್ತಾ ಅರ್ಧ ಕಣದವರೆಗೆ ಹೋಯಿತು.

ರೈಟರು ತಲೆ ಮೇಲೆ ಕೈ ಹೊತ್ತರು. ನಾನು ಕೆಳಗಿಳಿದು, "ನೀವು ಬರ್ಲಿ ಅಂದ್ರಿ, ನಾನು ಬಂದೆ. ಸಾಕು ಅಂದಿದ್ರೆ ನಿಲ್ತಿದ್ದೆ" ಎಂದೆ. ಆ ಮಾತನ್ನು ನಾನು ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಹಣ್ಣು ಕೈಯಾಡಿಸುತ್ತಿದ್ದ ಹೆಂಗಸರ ಪೈಕಿ ಹಿರಿಯಳೊಬ್ಬಳು ಬಂದು ಚಕ್ರದ ಅಡಿಯಿಂದ ಒಂದು ಹಿಡಿ ಪುಡಿಯನ್ನು ಎತ್ತಿ ನೋಡಿದಳು.

"ಬೈಬೇಡಿ ರೈಟರೇ. ನಾವು ಬರೀ ಒಣಗಿಸಿದ್ದು, ಭಟ್ರು ಪುಡಿ ಮಾಡಿ ಕೊಟ್ಟಿದ್ದಾರೆ. ಇನ್ನು ಹಾಲು, ಬೆಲ್ಲ ತಂದ್ರೆ ಕುಡಿಯೋದೇ."

ಎಡಗಡೆ ಟೈರು

ಉಸ್ತಾದ್ರ ಬೈಗಳ ಆ ಸೀಮೆಯಲ್ಲೆಲ್ಲ ಪ್ರಸಿದ್ಧ. ಅವರ ಕೈಕೆಳಗೆ ಕಲಿತವರೆಲ್ಲ ಅದನ್ನು ತಿಂದೇ ಡ್ರೈವರಾದವರು. ಬೈಗಳ ತಿಂದವನಿಗೆ ಮಾತ್ರ ಸ್ಟೇರಿಂಗ್ ಒಲಿಯುತ್ತದೆ ಎಂಬ ನಂಬಿಕೆ ಹೋಟೆಲುಗಳಲ್ಲಿ ಕೂತ ಡ್ರೈವರುಗಳಿಗೆಲ್ಲ ಇತ್ತು. ಆದರೆ ನನ್ನ ವಿಷಯದಲ್ಲಿ ಉಸ್ತಾದ್ರ ನಾಲಿಗೆ ಏಳುತ್ತಿರಲಿಲ್ಲ. ಎಷ್ಟೆಂದರೂ ತಮ್ಮ ಲಾರಿಗೆ ಆರತಿ ಎತ್ತುವವರ ಮಗ.

ನಾನು ಒಂದು ತೋಟದ ಗೇಟಿನ ಕಲ್ಲುಕಂಬಕ್ಕೆ ಲಾರಿ ಉಜ್ಜಿದ ದಿನ ಅವರ ಮುಖ ಕೆಂಪಾಯಿತು, ಗಂಟಲು ಉಬ್ಬಿತು. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ. "ಸಣ್ಣ ಭಟ್ರೇ, ಆ ಕಂಬ ತಮಗೆ ಕಾಣ್ಲಿಲ್ವಾ?"

"ಕಂಡಿತು. ಅದು ಸರೀತದೆ ಅಂದ್ಕೊಂಡಿದ್ದೆ."

ಉಸ್ತಾದ್ರು ಬಾಗಿಲು ತೆಗೆದು ಕೆಳಗಿಳಿದರು. ಲಾರಿಯ ಹಿಂಬದಿಗೆ ಹೋದರು. ಹಿಂದಿನ ಎಡಗಡೆ ಟೈರಿನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತು ಶುರು ಮಾಡಿದರು. "ಏ ಮುಟ್ಠಾಳ, ಕಣ್ಣು ಹಣೇಲಿದೆಯೋ, ಹಿಂದೆ ಇದೆಯೋ? ಹೊಟ್ಟೆಗೆ ಅನ್ನ ತಿಂತೀಯೋ, ಇನ್ನೇನು ತಿಂತೀಯೋ?" ಅಲ್ಲಿಂದ ಮುಂದಿನದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಟೈರು ತಲೆ ತಗ್ಗಿಸಿ ಕೇಳಿಸಿಕೊಂಡಿತು. ಎಲ್ಲ ಮುಗಿದ ಮೇಲೆ ವಾಪಸು ಬಂದು ಸೀಟಿನಲ್ಲಿ ಕೂತು, "ಹೊರಡಿ ಭಟ್ರೇ" ಎಂದು ಮೆತ್ತಗೆ ಹೇಳಿದರು.

ಇದೇ ರೂಢಿಯಾಯಿತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ, ಅವಮಾನವಾಯಿತು. "ನನಗೇ ಬೈಯಿರಿ ಉಸ್ತಾದ್ರೇ, ನಾನೂ ಎಲ್ಲರ ಹಾಗೆ ಕಲಿಯೋಕೆ ಬಂದವನು" ಎಂದು ಒಂದು ದಿನ ಜಗಳವನ್ನೇ ಆಡಿದೆ. "ಪಾಪ ಬರುತ್ತೆ ಭಟ್ರೇ" ಎಂದರು. ಆ ಟೈರು ಒಂದು ದಿನ ಬಾಳೆಹೊನ್ನೂರಿನ ಹತ್ತಿರ ಢಮ್ಮೆಂದು ಒಡೆಯಿತು. ಪಂಕ್ಚರ್ ಅಂಗಡಿಯವನು ಮೊಳೆ ಹುಡುಕಿ ಹುಡುಕಿ ಸಾಕಾಗಿ, "ಮೊಳೆ ಇಲ್ಲ, ಕಲ್ಲೂ ಇಲ್ಲ, ಇದು ಹೇಗೆ ಒಡೀತೋ ಗೊತ್ತಿಲ್ಲ" ಎಂದ. ನನಗೆ ಗೊತ್ತಿತ್ತು. ಅಷ್ಟು ಬೈಗಳ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಯಾರಾದರೂ ಒಡೆಯುತ್ತಾರೆ.

ಅಪ್ಪಯ್ಯ ಎದುರು ಕಂಡದ್ದು

ಸಾಹುಕಾರರು ಹೊಸ ಲಾರಿ ತೆಗೆದರು. ಪೂಜೆ ನಮ್ಮ ಗುಡಿಯಲ್ಲೇ ಎಂದು ಆಯಿತು. "ಮೊದಲು ನಿಂಬೆಹಣ್ಣು ದಾಟಿಸೋದು ಭಟ್ರ ಮಗನ ಕೈಲಿ ಆಗ್ಲಿ, ಶುಭ" ಎಂದು ಸಾಹುಕಾರರಿಗೆ ಯಾಕೋ ಅನ್ನಿಸಿಬಿಟ್ಟಿತು. ನಾನು ಬೇಡ ಎನ್ನಲಿಲ್ಲ. ಯಾವತ್ತಾದರೂ ಒಂದು ದಿನ ಅಪ್ಪಯ್ಯನಿಗೆ ತಿಳಿಯಬೇಕು, ತಿಳಿಯುವುದಾದರೆ ಸ್ಟೇರಿಂಗ್ ಹಿಡಿದಿರುವಾಗಲೇ ತಿಳಿಯಲಿ ಎಂದುಕೊಂಡೆ.

ಅಪ್ಪಯ್ಯ ಮಂತ್ರ ಹೇಳುತ್ತಾ ಹಾರ ಹಾಕಿದರು, ತೆಂಗಿನಕಾಯಿ ಒಡೆದರು, ಬಗ್ಗಿ ಚಕ್ರಗಳ ಮುಂದೆ ಹಣ್ಣು ಇಟ್ಟರು. ಆಮೇಲೆ ಆರತಿ ತಟ್ಟೆ ಹಿಡಿದು ತಲೆ ಎತ್ತಿದರೆ ಗಾಜಿನ ಆಚೆ ನಾನು. ಮಂತ್ರ ನಿಲ್ಲಲಿಲ್ಲ, ಅದು ಅಪ್ಪಯ್ಯನ ಅಭ್ಯಾಸ. ಆದರೆ ಆರತಿ ಎತ್ತುವ ಕೈ ಮೇಲಿಂದ ಕೆಳಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕಣ್ಣು ತಗ್ಗಿಸಲಿಲ್ಲ.

"ಹ್ಞೂಂ, ಬಿಡಿ" ಎಂದರು ಸಾಹುಕಾರರು. ಕಣ್ಣು ಅಪ್ಪಯ್ಯನ ಮೇಲೆ ಇದ್ದುದರಿಂದ ನನ್ನ ಕೈ ತಾನು ಬಲ್ಲ ಗೇರಿಗೆ ತಾನೇ ಹೋಯಿತು. ಹೊಸ ಲಾರಿ ಹಾರ ಹಾಕಿಕೊಂಡು, ಜನರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ, ಅಂದವಾಗಿ ಹಿಂದಕ್ಕೆ ಹೊರಟಿತು. ಹಿಂದೆ ಸಾಹುಕಾರರ ಜೀಪು ನಿಂತಿತ್ತು. ಅದರ ಒಂದು ಹೆಡ್‌ಲೈಟು ಹೋಯಿತು.

ಗಲಾಟೆ ತಣ್ಣಗಾದ ಮೇಲೆ ಅಪ್ಪಯ್ಯ ಬಗ್ಗಿ ನೋಡಿದರು. ಹಣ್ಣುಗಳು ಇಟ್ಟಲ್ಲೇ ಇದ್ದವು.

"ಹಣ್ಣು ಒಡೀಲಿಲ್ಲ. ಪೂಜೆ ಮುಗೀಲಿಲ್ಲ" ಎಂದರು.

"ಇನ್ನೊಂದ್ಸಲ ಇಡಿ ಭಟ್ರೇ" ಎಂದರು ಸಾಹುಕಾರರು.

"ಅವನು ಆ ಸೀಟಿಂದ ಇಳೀಲಿ, ಇಡ್ತೇನೆ. ಇವನು ಓಡಿಸುವ ಗಾಡಿಗೆ ನಾನು ನಿಂಬೆಹಣ್ಣು ಇಡುದಿಲ್ಲ. ಇದು ನಮ್ಮ ಕೆಲ್ಸ ಅಲ್ಲ."

"ನಾನು ಇಳಿಯಲ್ಲ" ಎಂದೆ ಮೇಲಿನಿಂದ. ಜನ ಒಮ್ಮೆ ಅಪ್ಪಯ್ಯನನ್ನು, ಒಮ್ಮೆ ನನ್ನನ್ನು ನೋಡಿದರು. ಬಿಸಿಲು ಏರುತ್ತಿತ್ತು. ಕೊನೆಗೆ ಉಸ್ತಾದ್ರೇ ಹತ್ತಿ, ನನ್ನನ್ನು ಎತ್ತಿ ಆ ಕಡೆ ಕೂರಿಸಿ, ಹಣ್ಣು ದಾಟಿಸಿದರು. ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು ತೀರ್ಪು ಕೊಟ್ಟರು. "ಹಳೇ ಲಾರಿ ನಿಮಗೇ ಅಂತ ಇಟ್ಟಿದ್ದೆ ಸಣ್ಣ ಭಟ್ರೇ. ಈಗ ಖಾಲಿ ಗಾಡೀಲಿ ಕಲ್ತುಕೊಳ್ಳಿ, ಬೇಡ ಅನ್ನಲ್ಲ. ಆದರೆ ನಿಮ್ಮಪ್ಪಯ್ಯ ನಿಮ್ಮ ಗಾಡಿಗೆ ನಿಂಬೆಹಣ್ಣು ಇಡೋವರೆಗೆ ಲೋಡ್ ಲಾರಿ ನಿಮ್ಮ ಕೈಗಿಲ್ಲ. ಅವರ ಮನಸ್ಸು ನೋಯಿಸಿ ನಾನು ವ್ಯಾಪಾರ ಮಾಡೋಕಾಗಲ್ಲ."

ಖಾಲಿ ಲಾರಿ ಓಡಿಸುವವನನ್ನು ಯಾರೂ ಡ್ರೈವರ್ ಎನ್ನುವುದಿಲ್ಲ. ಆದರೂ ಬಿಟ್ಟು ಬರಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಮನೆಗೆ ಹೋದಾಗ ಅಪ್ಪಯ್ಯ ಜಗುಲಿಯಲ್ಲಿ ಕೂತಿದ್ದರು. ಬೈಯುತ್ತಾರೆ ಎಂದು ನಾನೂ ಸಿದ್ಧನಾಗಿಯೇ ಹೋಗಿದ್ದೆ. ಅವರು ಕೈ ಚಾಚಿದರು.

"ಆ ಪೆನ್ನು ವಾಪಸ್ ಕೊಡು."

ಇಬ್ಬರು ಬಂದಿದ್ದಾರೆ

ಬೆಟ್ಟದ ದಾರಿಯಲ್ಲಿ ಲಾರಿ ಏರಿನಲ್ಲಿ ನಿಂತರೆ ಕ್ಲೀನರ್ ಆದವನು ಒಂದು ಮರದ ತುಂಡು ಹಿಡಿದು ಕೆಳಗೆ ಹಾರಬೇಕು, ಹಿಂದಿನ ಚಕ್ರಕ್ಕೆ ಅಡ್ಡ ಕೊಡಬೇಕು. ಹಳೇ ಲಾರಿಯ ಬ್ರೇಕನ್ನು ನಂಬುವ ಹಾಗಿಲ್ಲ. ಕ್ಲೀನರ್ ಆಗಿ ಅಷ್ಟು ಕಾಲ ಹಾರಿ ಹಾರಿ ನನ್ನ ಕಾಲಿಗೆ ಅದು ಅಂಟಿಹೋಗಿತ್ತು. ಲಾರಿ ನಿಂತಿತು ಎಂದರೆ ನಾನು ಹೊರಗೆ.

ಲೈಸೆನ್ಸಿಗೆ ಚಿಕ್ಕಮಗಳೂರಿಗೆ ಹೋದೆವು. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಪಕ್ಕದ ಸೀಟಿನಲ್ಲಿ ಕೂತರು. ನಗು ಎನ್ನುವುದನ್ನೇ ಕಾಣದ ಮುಖ. ಈ ಸಲ ಒಂದನೇ ಗೇರನ್ನು ಕಣ್ಣಿಟ್ಟು ನೋಡಿ ಹಾಕಿದೆ. ಲಾರಿ ಮುಂದಕ್ಕೇ ಹೋಯಿತು. ತಿರುವು, ಹಾರ್ನು, ಸಿಗ್ನಲ್ಲು ಎಲ್ಲ ಚೆನ್ನಾಯಿತು. ಒಂದು ಏರಿನ ಮಧ್ಯದಲ್ಲಿ ಇನ್ಸ್‌ಪೆಕ್ಟರು, "ಇಲ್ಲಿ ನಿಲ್ಸು. ಮತ್ತೆ ಸ್ಟಾರ್ಟ್ ಮಾಡಿ ಹತ್ತಿಸ್ಬೇಕು" ಎಂದರು.

ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಅಷ್ಟೇ ನನಗೆ ನೆನಪಿರುವುದು. ಮರುಗಳಿಗೆ ನಾನು ಮರದ ತುಂಡು ಹಿಡಿದು ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಮೇಲಿನಿಂದ ಇನ್ಸ್‌ಪೆಕ್ಟರ ದನಿ ಬಂತು.

"ಡ್ರೈವರ್ ಎಲ್ಲಪ್ಪ?"

"ಇಲ್ಲೇ ಇದ್ದೀನಿ ಸರ್. ಚಕ್ರಕ್ಕೆ ಅಡ್ಡ ಕೊಡ್ತಾ ಇದ್ದೀನಿ."

"ನೀನು ಅಲ್ಲಿದ್ರೆ ಸ್ಟೇರಿಂಗಲ್ಲಿ ಯಾರಿದ್ದಾರೆ?"

ಎದ್ದು ನೋಡಿದೆ. ಸ್ಟೇರಿಂಗಿನ ಹಿಂದೆ ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದುಕೊಂಡು ಕೂತಿದ್ದರು. ನನಗೆ ನಾಚಿಕೆಗಿಂತ ಹಟವೇ ಹೆಚ್ಚಾಯಿತು. "ಸರ್, ನಾನು ಗಾಡಿ ಬಿಟ್ಟು ಹೋಗ್ಲಿಲ್ಲ, ಗಾಡಿ ಜಾರಬಾರದು ಅಂತ ಹೋದೆ. ಪಾಸ್ ಮಾಡ್ಬೇಕು" ಎಂದೆ. ಅವರು ನಿಧಾನವಾಗಿ ಕೆಳಗಿಳಿದು, ಅಡ್ಡ ಕೊಟ್ಟ ತುಂಡನ್ನು ಕಾಲಿನಿಂದ ಒತ್ತಿ ನೋಡಿದರು.

"ಚೆನ್ನಾಗೇ ಕೊಟ್ಟಿದ್ದೀಯ. ಮುಂದಿನ ಸಲ ಒಬ್ಬನೇ ಬಾ. ಇವತ್ತು ನಿನ್ನ ಜೊತೆ ಕ್ಲೀನರೂ ಬಂದಿದ್ದಾನೆ."

ಹತ್ತುವವನಿಗೆ ದಾರಿ

ಮುಂದಿನ ಸಲ ಒಬ್ಬನೇ ಹೋದೆ, ಪಾಸಾದೆ. ಲೈಸೆನ್ಸ್ ಬಂತು, ನಿಂಬೆಹಣ್ಣು ಬರಲಿಲ್ಲ. ಮನೆಗೆ ಹೋದಾಗ ಅಪ್ಪಯ್ಯ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನಾನೂ ಕ್ಷಮಿಸಿ ಎನ್ನಲಿಲ್ಲ. ಕ್ಷಮಿಸುವಂಥದ್ದು ಏನು ಮಾಡಿದ್ದೆ ನಾನು?

ಆಲ್ದೂರಿನಲ್ಲಿ ಸಾಹುಕಾರರ ಹೊಸ ಗೋಡೌನಿನ ಪೂಜೆ. ಅಪ್ಪಯ್ಯ ಹೋಗಬೇಕಿತ್ತು. ಆವತ್ತು ಬೆಳಿಗ್ಗೆಯ ಬಸ್ಸು ಕೆಟ್ಟು ನಿಂತಿತು. ಸಂಸೆಯಿಂದ ಹಳೇ ಲಾರಿಗೆ ಕಾಫಿ ಮೂಟೆ ಹೇರಿಕೊಂಡು ನಾನು, ಉಸ್ತಾದ್ರು ಬರುತ್ತಿದ್ದರೆ ರಸ್ತೆಬದಿಯಲ್ಲಿ ಪೂಜೆಯ ಚೀಲ, ಕೊಡೆ ಹಿಡಿದು ಅಪ್ಪಯ್ಯ ನಿಂತಿದ್ದರು. ಉಸ್ತಾದ್ರು ಲಾರಿ ನಿಲ್ಲಿಸಿದರು. ಓಡಿಸುತ್ತಿರುವುದು ಉಸ್ತಾದ್ರು ಎಂದು ಖಾತ್ರಿ ಮಾಡಿಕೊಂಡ ಮೇಲೆ ಅಪ್ಪಯ್ಯ ಹತ್ತಿದರು.

"ಉಸ್ತಾದ್ರೇ, ನಿಮ್ಮ ಪಕ್ಕದಲ್ಲಿ ಕೂತವರಿಗೆ ಸ್ವಲ್ಪ ಸರೀಲಿಕ್ಕೆ ಹೇಳಿ."

"ಅಪ್ಪಯ್ಯನಿಗೆ ಚೀಲ ನನ್ನ ಕಾಲ ಹತ್ರ ಇಡೋಕೆ ಹೇಳಿ ಉಸ್ತಾದ್ರೇ" ಎಂದೆ ನಾನು. ಮೂರು ಜನರ ಸೀಟಿನಲ್ಲಿ ಇಬ್ಬರ ಮಾತನ್ನೂ ಉಸ್ತಾದ್ರೇ ದಾಟಿಸಬೇಕಾಯಿತು. ಬಾಳೆಹೊನ್ನೂರು ದಾಟುವಷ್ಟರಲ್ಲಿ ಅವರಿಗೆ ಇಬ್ಬರ ಮೇಲೂ ಬೇಸರ ಬಂದಿರಬೇಕು. ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ, "ಅಯ್ಯೋ, ಸೊಂಟ ಹಿಡ್ಕೊಳ್ತು ದೊಡ್ಡ ಭಟ್ರೇ. ಇನ್ನು ನನ್ನ ಕೈಲಾಗಲ್ಲ" ಎಂದರು.

ಅಪ್ಪಯ್ಯ ಗಡಿಯಾರ ನೋಡಿಕೊಂಡರು. ಮುಹೂರ್ತ ಹತ್ತಿರವಿತ್ತು, ಹಿಂದೆ ಮುಂದೆ ಬೇರೆ ಗಾಡಿ ಇರಲಿಲ್ಲ.

"ಅವನಿಗೆ ಲೈಸೆನ್ಸ್ ಉಂಟಾ ಕೇಳಿ."

"ಉಂಟು ಭಟ್ರೇ, ನಾನೇ ನೋಡಿದೀನಿ."

"ಮುಂದಕ್ಕೆ ಹೋಗುದಕ್ಕೂ ಉಂಟಾ ಕೇಳಿ."

ನಾನು ಉಸ್ತಾದ್ರನ್ನು ಆ ಕಡೆ ಬಾಗಿಲ ಹತ್ತಿರ ಕೂರಿಸಿ, ಸ್ಟೇರಿಂಗ್ ಹಿಡಿದು ಗಾಡಿ ಎತ್ತಿದೆ. ಮೊದಲ ಸಲ ತುಂಬಿದ ಲಾರಿ ನನ್ನ ಕೈಯಲ್ಲಿ. ಸಾಹುಕಾರರ ಅಪ್ಪಣೆ ಇರಲಿಲ್ಲ, ಆದರೆ ಪೂಜೆ ಅವರದ್ದೇ ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಅಪ್ಪಯ್ಯ ಕಣ್ಣು ಮುಚ್ಚಿ ಮಂತ್ರ ಶುರು ಮಾಡಿದರು. ತಿರುವು ಬಂದಾಗ ಮಂತ್ರ ಜೋರಾಗುತ್ತಿತ್ತು, ನೇರ ದಾರಿಯಲ್ಲಿ ಇಳಿಯುತ್ತಿತ್ತು.

ಒಂದು ಕಡಿದಾದ ಏರಿನಲ್ಲಿ ಎದುರಿನಿಂದ ಬಸ್ಸೊಂದು ಇಳಿದು ಬಂತು. ರಸ್ತೆ ಒಂದೇ ಗಾಡಿಯ ಅಗಲ. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಏ, ಹಿಂದೆ ತಗೊಳ್ಳಯ್ಯ" ಎಂದ.

"ನಾನು ಲೋಡಲ್ಲಿ ಹತ್ತುತಾ ಇದ್ದೀನಿ. ನೀವು ತಗೊಳ್ಳಿ" ಎಂದೆ.

"ಹೊಸಬನಾ? ರಿವರ್ಸ್ ಬರಲ್ಲ ಅನ್ಸುತ್ತೆ."

ನನ್ನ ಪಕ್ಕದಲ್ಲಿ ಮಂತ್ರ ನಿಂತಿತು. ಅಪ್ಪಯ್ಯ ಉಸ್ತಾದ್ರನ್ನು ದಾಟಿ ಕೆಳಗಿಳಿದರು. ಕೊಡೆ ಊರಿಕೊಂಡು ಹೋಗಿ ಬಸ್ಸಿನ ಎದುರು ನಿಂತರು.

"ಹತ್ತುವ ಗಾಡಿಗೆ ದಾರಿ ಬಿಡುದು ಈ ರಸ್ತೆಯ ಕ್ರಮ. ನಿನ್ನ ಬಸ್ಸಿಗೆ ಪೂಜೆ ಮಾಡಿದವನು ನಾನು, ಆಗ ನಿನಗೆ ಇದನ್ನು ಹೇಳ್ಬೇಕಿತ್ತು. ಹಿಂದೆ ತಗೊ. ಮತ್ತೆ ಎಂಥ ಹೇಳಿದ್ದು ನೀನು? ರಿವರ್ಸ್ ಬರುದಿಲ್ಲವಾ? ನನ್ನ ಮಗನಿಗಾ? ಅವನಿಗೆ ಸರಿಯಾಗಿ ಬರುದೇ ಅದೊಂದು."

ಬಸ್ಸಿನ ತುಂಬ ನಗು. ಡ್ರೈವರ್ ಕೈಮುಗಿದು ಬಸ್ಸನ್ನು ಹಿಂದಕ್ಕೆ ತೆಗೆದ. ನನ್ನ ಮಗ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಅದನ್ನು ತೋರಿಸಿಕೊಳ್ಳಬಾರದು ಎಂದು ಸುಮ್ಮನೆ ಒಂದು ಹಾರ್ನ್ ಹೊಡೆದೆ. ಅಪ್ಪಯ್ಯ ವಾಪಸು ಬಂದು ಕೂತು, ಉಸ್ತಾದ್ರ ಕಡೆ ತಿರುಗಿದರು.

"ಆ ಬಸ್ಸಿನವನಿಗೆ ಗೊತ್ತಿಲ್ಲ ಉಸ್ತಾದ್ರೇ. ಇವನನ್ನು ಹಿಂದಕ್ಕೆ ಬಿಟ್ಟಿದ್ದರೆ ಕಳಸದಲ್ಲೇ ನಿಲ್ಲಿಸ್ತಿದ್ದ."

ಎರಡೂ ಕಡೆ

ಆಲ್ದೂರು ಮುಟ್ಟಿದಾಗ ಸಾಹುಕಾರರು ಗೋಡೌನಿನ ಅಂಗಳದಲ್ಲೇ ಕಾಯುತ್ತಿದ್ದರು. ತುಂಬಿದ ಲಾರಿಯಿಂದ ನಾನು ಇಳಿದದ್ದನ್ನು ಕಂಡು ಅವರ ಹುಬ್ಬು ಗಂಟಾಯಿತು. ಉಸ್ತಾದ್ರು ಹಿಡಿದುಕೊಂಡಿದ್ದ ಸೊಂಟವನ್ನು ಮರೆತು ಟಣ್ಣನೆ ಕೆಳಗೆ ಹಾರಿ, ಅಪ್ಪಯ್ಯನ ಚೀಲ ಹೊತ್ತುಕೊಂಡು ಒಳಗೆ ಓಡಿದರು.

ಗೋಡೌನಿನ ಪೂಜೆ ಮುಹೂರ್ತಕ್ಕೆ ಸರಿಯಾಗಿ ಆಯಿತು. ನಾನು ಹೊರಗೆ ಲಾರಿಯ ಹತ್ತಿರ ನಿಂತಿದ್ದೆ. ಇವತ್ತು ಸಾಹುಕಾರರು ಹೊರಗೆ ಹಾಕಿದರೂ ಹಾಕಬಹುದು ಎಂದು ಗೊತ್ತಿತ್ತು. ಹಾಕಿದರೆ ಬೇರೆ ಲಾರಿ ಹುಡುಕುವುದು, ಗುಡಿಗಂತೂ ವಾಪಸಿಲ್ಲ ಎಂದು ನಿರ್ಧಾರ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅಪ್ಪಯ್ಯ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಗೋಡೌನಿಗೆ ತಂದದ್ದರಲ್ಲಿ ಉಳಿದ ಹೂವು, ಕುಂಕುಮ, ನಿಂಬೆಹಣ್ಣು ಎಲ್ಲ ತಟ್ಟೆಯಲ್ಲಿತ್ತು. ನನ್ನ ಮುಖ ನೋಡದೆ ಹಳೇ ಲಾರಿಗೆ ಕುಂಕುಮ ಹಚ್ಚಿದರು. ಹಾರ ಇರಲಿಲ್ಲ, ಕನ್ನಡಿಗೆ ಹೂವು ಸಿಕ್ಕಿಸಿದರು. ಬಗ್ಗಿ ಬಗ್ಗಿ ಚಕ್ರಗಳ ಸುತ್ತ ಓಡಾಡಿದರು. ಸಾಹುಕಾರರು ಇದನ್ನು ನೋಡಿದವರೇ ಹೋಗಿ, ತಮ್ಮ ಜೀಪನ್ನು ಅಂಗಳದಿಂದ ತೆಗೆದು ದೂರದ ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಬಂದರು.

"ಹತ್ತು" ಎಂದರು ಅಪ್ಪಯ್ಯ. ಅಷ್ಟು ಕಾಲದ ಮೇಲೆ ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಹತ್ತಿದೆ. ಗೇರನ್ನು ಒಂದು ಸಲ ನೋಡಿದೆ, ಇನ್ನೊಂದು ಸಲ ನೋಡಿದೆ, ಒಂದನೇದಕ್ಕೆ ಹಾಕಿದೆ. ಕ್ಲಚ್ ಬಿಟ್ಟೆ. ಲಾರಿ ಮುಂದಕ್ಕೆ ಹೋಯಿತು. ಚಕ್ರದ ಅಡಿ ಹಣ್ಣು ಪಚಕ್ ಎಂದದ್ದು ನನಗೆ ಮೇಲೆ ಕೂತಲ್ಲಿಗೇ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಸಾಹುಕಾರರು "ಇನ್ಮೇಲೆ ಈ ಗಾಡಿ ನಿಮ್ದೇ ಸಣ್ಣ ಭಟ್ರೇ" ಎಂದು ಎಲ್ಲರ ಎದುರು ಹೇಳಿ, ಅಪ್ಪಯ್ಯನನ್ನು ಮನೆಗೆ ಬಿಡಲು ಜೀಪು ತರುತ್ತೇನೆ ಎಂದು ಹೋದರು.

ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಲಾರಿ ನಿಂತಿದ್ದ ಜಾಗದ ಹಿಂದುಗಡೆ ಇನ್ನೂ ನಿಂಬೆಹಣ್ಣುಗಳು ಇದ್ದವು. ಒಡೆಯದೆ, ಸಾಲಾಗಿ.

"ಅಪ್ಪಯ್ಯ, ಚಕ್ರದ ಹಿಂದೆ ಯಾಕೆ ಇಟ್ಟಿದ್ದೀರಿ?" ಎಂದು ಕೇಳಿದೆ.

ಅಪ್ಪಯ್ಯ ತಟ್ಟೆಯ ಕುಂಕುಮ ಸರಿಮಾಡುತ್ತಾ ಹೇಳಿದರು. "ಮತ್ತೆಂಥ ಮಾಡುದು? ನಿನ್ನ ಗೇರು ನಂಬಿ ಕೂರ್ಲಿಕ್ಕೆ ಆಗ್ತದಾ? ನೀನು ಯಾವ ಕಡೆ ಹೋದ್ರೂ ಈ ಸಲ ಪೂಜೆ ಮುಗೀಬೇಕಿತ್ತು."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು, ಅದರ ಮೇಲೆ ಹಟವೂ ಬಂತು. ಅಪ್ಪಯ್ಯ ಇಟ್ಟ ಹಣ್ಣು ಒಂದೂ ಉಳಿಯಬಾರದು. ನನಗೆ ಅತಿ ಚೆನ್ನಾಗಿ ಬರುವ ಗೇರನ್ನು ಹಾಕಿದೆ. ಲಾರಿ ಹಿಂದಕ್ಕೆ ಹೋಗಿ ಹಣ್ಣುಗಳನ್ನೆಲ್ಲ ಒಂದೊಂದಾಗಿ ಒಡೆಯಿತು. ಆಮೇಲೆ ಇನ್ನೂ ಏನೋ ಒಂದು ಒಡೆದ ಸದ್ದಾಯಿತು.

ಸಾಹುಕಾರರು ಜೀಪು ತಂದು ಆಗಷ್ಟೇ ಹಿಂದೆ ನಿಲ್ಲಿಸಿದ್ದರು. ಉಳಿದಿದ್ದ ಹೆಡ್‌ಲೈಟೂ ಹೋಯಿತು.

ಉಸ್ತಾದ್ರ ಮುಖ ಕೆಂಪಾಯಿತು, ಗಂಟಲು ಉಬ್ಬಿತು. ಎಡಗಡೆ ಟೈರಿನ ಕಡೆ ಹೊರಟವರು ಅರ್ಧದಲ್ಲಿ ನಿಂತರು. ಒಮ್ಮೆ ಅಪ್ಪಯ್ಯನ ಮುಖ ನೋಡಿದರು.

"ನನ್ನ ಪೂಜೆ ಮುಗೀತು ಉಸ್ತಾದ್ರೇ. ಇನ್ನು ನಿಮ್ಮದು ಶುರು ಮಾಡಿ" ಎಂದರು ಅಪ್ಪಯ್ಯ.

ಉಸ್ತಾದ್ರು ತಿರುಗಿ ನೇರ ನನ್ನ ಬಾಗಿಲಿಗೆ ಬಂದು, "ಏ ಮುಟ್ಠಾಳ, ಕಣ್ಣು ಹಣೇಲಿದೆಯೋ, ಹಿಂದೆ ಇದೆಯೋ?" ಎಂದು ಶುರು ಮಾಡಿದರು.